ಬಟ್ಟು ತೋರಿಸಿದರೂ ಕೊಳೆಯದ ಕುಂಬಳಕಾಯಿ

ಆಗಸ್ಟ್‌ನಲ್ಲಿ ಒಂದು ದಿನ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನನ್ನ ನಲಿ-ಕಲಿ ತರಗತಿಯಲ್ಲಿ ಪಂಚಾಯಿತಿ ಸೇರಿತ್ತು. ಶಾಲೆ ಬೇಲಿಯ ಕುಂಬಳ ಬಳ್ಳಿಯಿಂದ ಮೂರು ಮಿಡಿ ಹಳದಿಯಾಗಿ ಉದುರಿದ್ದವು. ತಪ್ಪು ಒಂದನೇ ತರಗತಿಯ ಒಬ್ಬ ಹುಡುಗಿಯದಂತೆ. "ಇಕಿ ಬಟ್ಟು ಮಾಡಿ ತೋರ್ಸ್ಯಾಳ್ರಿ ಟೀಚರ್, ಅದ್ಕೇ ಕೊಳತಾವ್ರಿ!"

ಎಳೆ ಮಿಡಿಗೆ ಬೆರಳು ತೋರಿಸಬಾರದು ಅಂತ ನಮ್ಮವ್ವನೂ ಹೇಳುತ್ತಿದ್ದಳು. ಸುಮ್ನೆ "ಅದೆಲ್ಲ ಸುಳ್ಳು" ಅಂದುಬಿಟ್ಟರೆ ಮಕ್ಕಳು ನನ್ನನ್ನು ನಂಬುತ್ತಾರೋ, ಮನೆಯವರನ್ನೋ? "ನೋಡೇಬಿಡೋಣ" ಅಂದೆ.

ಬಳ್ಳಿ ಅಲ್ಲಿಯವರೆಗೆ ಬಂದದ್ದೇ ದೊಡ್ಡದು. ನಮ್ಮದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಹಳ್ಳಿ, ಎರೆ ಮಣ್ಣು. ಜೂನ್‌ನ ಮಿರಗದ (ಮೃಗಶಿರಾ) ಮಳೆಗೆ ಊರಿದ ಬೀಜ ಒಂದೂ ಏಳಲಿಲ್ಲ. ಎರೆ ಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಅದರ ಮೇಲೆ ಮಕ್ಕಳು ತಟ್ಟೆ ತೊಳೆದಾಗಲೆಲ್ಲ ನೀರು ಹೊಯ್ದಿದ್ದರು. ಸಾಲದ್ದಕ್ಕೆ ದಿನಾ ಕೆದರಿ ನೋಡುತ್ತಿದ್ದರು. ಮಣ್ಣೊಳಗೆ ಏನಾಗುತ್ತಿದೆ ಅಂತ ಕಾಣದಿದ್ದರೆ ಆರು ವರ್ಷದ ಮಗು ಕೆದರದೆ ಇನ್ನೇನು ಮಾಡೀತು? ಎರಡನೇ ಸಲ ತಿಪ್ಪೆಗೊಬ್ಬರ ಬೆರೆಸಿ, ಮಣ್ಣು ಗುಡ್ಡೆ ಮಾಡಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದೆವು. ನಾಲ್ಕು ಬೀಜವನ್ನು ಗಾಜಿನ ಲೋಟದ ಒಳಮೈಗೆ ಒದ್ದೆ ಬಟ್ಟೆಯಿಂದ ಒತ್ತಿ ಕಿಟಕಿಯಲ್ಲಿಟ್ಟೆ. ಮೊದಲು ಬೇರು ಕೆಳಗಿಳಿಯಿತು, ಆಮೇಲೆ ಎರಡು ದಪ್ಪ ಎಲೆ ಸಿಪ್ಪೆ ಕಳಚಿ ಎದ್ದವು. ಕೆದರುವುದು ನಿಂತಿತು.

ಹೂವಿನ ಪಾಠಕ್ಕೆ ಅಡ್ಡ ಬಂದದ್ದು ಶಾಲೆಯ ಗಂಟೆ. ಕುಂಬಳದ ಹೂ ನಸುಕಿನಲ್ಲಿ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಒಂದು ಹೂವಿಗೆ ಒಂದೇ ಬೆಳಗ್ಗೆ. ನಮ್ಮ ಪ್ರಾರ್ಥನೆ ಮುಗಿಯುವ ಹೊತ್ತಿಗೆ "ಹೂವ ಮಲಗ್ಯಾವ್ರಿ" ಅನ್ನುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಇರುತ್ತದಲ್ವಾ, ಅದೇ ನನ್ನನ್ನು ಉಳಿಸಿತು.

ಗಂಡು ಹೂ, ಹೆಣ್ಣು ಹೂ ಗುರುತಿಸಲು ಮಕ್ಕಳಿಗೆ ಎರಡು ನಿಮಿಷ ಸಾಕಾಯಿತು. ಹೂವಿನ ಬುಡದಲ್ಲಿ ಗೋಲಿಯಂಥ ಮಿಡಿ ಇದ್ದರೆ ಹೆಣ್ಣು, ಬರೀ ತೆಳ್ಳನೆಯ ತೊಟ್ಟಿದ್ದರೆ ಗಂಡು. ಶುರುವಿನಲ್ಲಿ ಬರುವುದೆಲ್ಲ ಹೆಚ್ಚಾಗಿ ಗಂಡು ಹೂವೇ. ಶುಕ್ರವಾರ ಸಂಜೆ, ನಾಳೆ ಅರಳುವಂತಿದ್ದ ಎರಡು ಹೆಣ್ಣು ಮೊಗ್ಗು ಹುಡುಕಿದೆವು. ತುದಿ ಹಳದಿಗೆ ತಿರುಗಿದ್ದರೆ ಅದೇ ಗುರುತು. ಜೇನು ಒಳಗೆ ಹೋಗದಂತೆ ಎರಡರ ಬಾಯಿಗೂ ದಾರ ಕಟ್ಟಿದೆವು.

ಶನಿವಾರ ಬೆಳಗ್ಗೆ ಒಂದರ ದಾರ ಬಿಚ್ಚಿ, ಆಗತಾನೇ ಅರಳಿದ ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನೊಳಗೆ ಸವರಿ ಮತ್ತೆ ಕಟ್ಟಿದೆವು. ಇನ್ನೊಂದರ ದಾರ ಬಿಚ್ಚಲೇ ಇಲ್ಲ. ಆಮೇಲೆ ಎಲ್ಲರೂ ಎರಡೂ ಮಿಡಿಗೆ ಬಟ್ಟು ತೋರಿಸಿದರು. ಮೊದಲು ತೋರಿಸಿದ್ದು ಅದೇ ಹುಡುಗಿ, ಹೆದರುತ್ತಲೇ.

ಕೆಲವೇ ದಿನಗಳಲ್ಲಿ ಪುಡಿ ಮುಟ್ಟದ ಮಿಡಿ ಹಳದಿಯಾಗಿ ಉದುರಿತು. ಇನ್ನೊಂದು ದಿನದಿಂದ ದಿನಕ್ಕೆ ಊದಿತು. ಮೊದಲ ಮೂರು ಮಿಡಿ ಉದುರಿದ ವಾರ ಬೆಳಗ್ಗೆ ಬೆಳಗ್ಗೆ ಜಿಟಿಜಿಟಿ ಮಳೆ ಇತ್ತು, ಪುಡಿ ಮುಟ್ಟಿಸುವ ಜೇನು ಕಡಿಮೆ ಅಂತ ಆಗ ನೆನಪಿಸಿದೆ.

ಹುಡುಗಿ ಗೆದ್ದಳು. ಆದರೆ ಅವಳದೇ ಪ್ರಶ್ನೆ: "ಹಂಗಾದ್ರ ನಮ್ಮಜ್ಜಿ ಸುಳ್ಳು ಹೇಳ್ಯಾಳೇನ್ರಿ?" ನಿಮ್ಮಂಥವರು ಎಳೆ ಕಾಯಿ ಮುಟ್ಟಿ ಮುಟ್ಟಿ ಹಾಳು ಮಾಡಬಾರದು ಅಂತ ಹಾಗೆ ಹೇಳಿರಬೇಕು ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕಾಯಿ ಇನ್ನೂ ಎಳೆಯದಾಗಿದ್ದಾಗಲೇ ಅದರ ಮೇಲೆ ಪಿನ್ನಿನಿಂದ, ನಲಿ-ಕಲಿಯಲ್ಲಿ ಮೊದಲು ಕಲಿಸುವ ಅಕ್ಷರ 'ರ' ಗೀಚಿದ್ದೆವು. ಗಾಯ ಮಾಗಿ ಉಬ್ಬಿತು, ಕಾಯಿಯ ಜೊತೆ 'ರ'ವೂ ಅಗಲವಾಯಿತು. ತೊಟ್ಟು ಕಟ್ಟಿಗೆಯಂತೆ ಒಣಗಿ, ಸಿಪ್ಪೆಗೆ ಉಗುರು ಇಳಿಯದಷ್ಟು ಬಲಿತ ಮೇಲೆ, ದಸರಾ ರಜೆಗೆ ಮುಂಚೆ ಕೊಯ್ದೆವು. ಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸಿದರು. ಎರಡು ಸಲ ಎಣಿಸಿದಾಗ ಎರಡು ಲೆಕ್ಕ ಬಂತು, ಇರಲಿ. ತಿರುಳು ಬಿಸಿಯೂಟದ ಸಾಂಬಾರಿಗೆ ಹೋಯಿತು.

'ರ' ಇದ್ದ ಹೋಳನ್ನು ಮಾತ್ರ ಆ ಹುಡುಗಿ ಕೇಳಿ ಇಸಿದುಕೊಂಡಳು. ಅಜ್ಜಿಗೆ ತೋರಿಸಬೇಕಂತೆ.