ಪೈ ಬೋರ್ಡಿಗೆ ಆರ್‌ಎಸ್-485: ಯಾವ ಚಿಪ್ಪು, ಯಾವ ಡ್ರೈವರ್

ವಿದ್ಯುತ್ ಮೀಟರು, ಪಂಪಿನ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ), ತಾಪಮಾನದ ಕಂಟ್ರೋಲರು ಇಂಥವನ್ನು ಆರ್‌ಎಸ್-485 ಎಂಬ ಎರಡೆಳೆ ತಂತಿಯ ಮೇಲೆ, ಮಾಡ್‌ಬಸ್ ಎಂಬ ಸಂವಹನ ನಿಯಮದಲ್ಲಿ ಓದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೂರಿಸುವವರು ಮೊದಲು ಎಡವುವುದು ‘ಡ್ರೈವರ್’ ಎಂಬ ಪದದಲ್ಲೇ. ಬೋರ್ಡಿನ ಪಿನ್ನಿಗೂ ತಂತಿಗೂ ನಡುವೆ ಕೂರುವ ಚಿಪ್ಪಿಗೂ ಅದೇ ಹೆಸರು, ಲಿನಕ್ಸ್ ಕರ್ನಲ್‌ನಲ್ಲಿ ಪೋರ್ಟನ್ನು ನಡೆಸುವ ತಂತ್ರಾಂಶಕ್ಕೂ ಅದೇ ಹೆಸರು. ಎರಡನ್ನೂ ಒಟ್ಟಿಗೆ ಆರಿಸಬೇಕು. ‘ಈಗ ಮಾತಾಡು, ಈಗ ಕೇಳು’ ಎಂದು ಚಿಪ್ಪಿಗೆ ಹೇಳಬೇಕಾದದ್ದು ತಂತ್ರಾಂಶ. ಅದು ಕೆಲವು ಮಿಲಿಸೆಕೆಂಡ್ ತಡಮಾಡಿದರೂ ಉತ್ತರ ಕೈತಪ್ಪುತ್ತದೆ.

ಚಿಪ್ಪಿನಿಂದ ಶುರುಮಾಡೋಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೀಲಿ ಮಾಡ್ಯೂಲಿನಲ್ಲಿರುವುದು ಮ್ಯಾಕ್ಸ್485. ಅದು 5 ವೋಲ್ಟಿನ ಚಿಪ್ಪು. 5 ವೋಲ್ಟ್ ಕೊಟ್ಟರೆ ಅದರ ಆರ್‌ಒ ಪಿನ್ನು (ತಂತಿಯಲ್ಲಿ ಬಂದದ್ದನ್ನು ಬೋರ್ಡಿಗೆ ಕೊಡುವುದು) ಪೈನ 3.3 ವೋಲ್ಟಿನ ಪಿನ್ನಿಗೆ 5 ವೋಲ್ಟ್ ನುಗ್ಗಿಸಿ ಬೋರ್ಡನ್ನೇ ಹಾಳುಮಾಡಬಹುದು. ಹಾಗೆಂದು 3.3 ವೋಲ್ಟಿನಲ್ಲಿ ನಡೆಸಿದರೆ ಮೇಜಿನ ಮೇಲೆ ಒಂದು ಮೀಟರ್ ತಂತಿಯಲ್ಲಿ ಕೆಲಸ ಮಾಡಿದಂತೆ ಕಾಣುತ್ತದೆ, ಉದ್ದನೆಯ ತಂತಿಗೆ ಹಾಕಿದಾಗ ಕೈಕೊಡುತ್ತದೆ. ಅದಕ್ಕೆ ಕನಿಷ್ಠ 4.75 ವೋಲ್ಟ್ ಬೇಕು. ಪೈಗೂ, ಇಎಸ್‌ಪಿ32, ಎಸ್‌ಟಿಎಂ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡುಗಳಿಗೂ 3.3 ವೋಲ್ಟಿಗೆಂದೇ ಮಾಡಿದ ಚಿಪ್ಪನ್ನೇ ಕೊಳ್ಳಿ: ಮ್ಯಾಕ್ಸ್3485, ಎಸ್‌ಪಿ3485, ಮ್ಯಾಕ್ಸ್3483, ಎಸ್‌ಎನ್65ಎಚ್‌ವಿಡಿ72.

ಈ ನಾಲ್ಕರಲ್ಲಿ ಯಾವುದು? ಹೆಚ್ಚು ವೇಗದ್ದೇ ಒಳ್ಳೆಯದು ಎಂದು 10 ಮೆಗಾಬಿಟ್‌ನ ಮ್ಯಾಕ್ಸ್3485 ಎತ್ತಿಕೊಳ್ಳುವುದು ಸಾಮಾನ್ಯ. ಮೀಟರುಗಳು ಮಾತಾಡುವುದು 9600 ಅಥವಾ 19200 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್. ವೇಗದ ಚಿಪ್ಪಿನ ಸಂಕೇತದ ಅಂಚು (0ಯಿಂದ 1ಕ್ಕೆ ಬದಲಾಗುವ ಭಾಗ) ಕೆಲವೇ ನ್ಯಾನೊಸೆಕೆಂಡಿನಲ್ಲಿ ಏರುತ್ತದೆ. ಅಷ್ಟು ಚೂಪಾದ ಅಂಚು ತಂತಿಯ ಪ್ರತಿ ಕವಲಿನ ತುದಿಯಲ್ಲೂ ಪ್ರತಿಫಲಿಸಿ ವಾಪಸು ಬರುತ್ತದೆ. ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. ಕವಲನ್ನು ದಾಟುವ ಸಮಯ ಏರುಸಮಯದ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ರೂಢಿಯ ಲೆಕ್ಕ. 10 ನ್ಯಾನೊಸೆಕೆಂಡಿನ ಅಂಚಿಗೆ ಕವಲು 20 ಸೆಂಟಿಮೀಟರ್ ಮೀರುವಂತಿಲ್ಲ. 500 ನ್ಯಾನೊಸೆಕೆಂಡಿನದಕ್ಕೆ 10 ಮೀಟರ್‌ವರೆಗೂ ಅಡ್ಡಿಯಿಲ್ಲ. ಪ್ಯಾನೆಲ್ ಬೋರ್ಡಿನೊಳಗೆ ತಂತಿ ಎಳೆದವರಿಗೆ 20 ಸೆಂಟಿಮೀಟರ್ ಎಷ್ಟು ಕಡಿಮೆ ಎಂದು ಗೊತ್ತು. ಅದಕ್ಕೇ 250 ಕಿಲೊಬಿಟ್‌ಗೆ ಮಿತಿಗೊಳಿಸಿದ ಮ್ಯಾಕ್ಸ್3483 ಅಥವಾ ಎಸ್‌ಎನ್65ಎಚ್‌ವಿಡಿ72 ಆರಿಸಿ. ಎರಡನೆಯದರಲ್ಲಿ ಇನ್ನೊಂದು ಲಾಭವಿದೆ: ತಂತಿ ಖಾಲಿ ಇದ್ದಾಗಲೂ ತುಂಡಾದಾಗಲೂ ಅದರ ರಿಸೀವರು ನಿಶ್ಚಿತವಾಗಿ 1 ಎಂದೇ ಓದುತ್ತದೆ.

ಇನ್ನು ದಿಕ್ಕು ಬದಲಿಸುವುದು, ಅಂದರೆ ಕಳಿಸುವುದರಿಂದ ಕೇಳುವುದಕ್ಕೆ ಹೊರಳುವುದು. ಸೋಲುವ ಜೋಡಣೆಗಳಲ್ಲಿ ಬಹುಪಾಲು ಇಲ್ಲೇ ಸೋಲುತ್ತವೆ. ಚಿಪ್ಪಿನ ಡಿಇ ಪಿನ್ನು ಮೇಲಿದ್ದರೆ ಅದು ಕಳಿಸುತ್ತದೆ, ಕೆಳಗಿಳಿದರೆ ತಂತಿಯನ್ನು ಬಿಟ್ಟುಕೊಡುತ್ತದೆ. 9600 ಬಾಡ್‌ನಲ್ಲಿ 11 ಬಿಟ್ಟಿನ ಒಂದು ಅಕ್ಷರಕ್ಕೆ 1.15 ಮಿಲಿಸೆಕೆಂಡ್. ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ತಂತಿಯಲ್ಲಿ ಬಳಸುವ ಮಾಡ್‌ಬಸ್ ರೂಪ) ಎರಡು ಸಂದೇಶಗಳ ನಡುವೆ ಕೇಳುವುದು ಮೂರೂವರೆ ಅಕ್ಷರದ ಮೌನ, ಅಂದರೆ 4 ಮಿಲಿಸೆಕೆಂಡ್. ಅಷ್ಟರಲ್ಲಿ ಡಿಇ ಇಳಿದಿರಬೇಕು. ಪೈಥಾನ್ ಸ್ಕ್ರಿಪ್ಟಿನಿಂದ ಜಿಪಿಐಒ ಪಿನ್ನನ್ನು (ಬೋರ್ಡಿನ ಸಾಮಾನ್ಯ ಬಳಕೆಯ ಪಿನ್ನು) ಏರಿಸಿ ಇಳಿಸಿದರೆ ಲಿನಕ್ಸ್ ಬೇರೆ ಕೆಲಸದಲ್ಲಿದ್ದ ಹೊತ್ತಿನಲ್ಲಿ ಈ ಗಡುವು ತಪ್ಪುತ್ತದೆ. ಕೆಲಸವನ್ನು ಕರ್ನಲ್‌ಗೇ ಒಪ್ಪಿಸಿ: ಡಿಇಯನ್ನು ಸೀರಿಯಲ್ ಪೋರ್ಟಿನ ಆರ್‌ಟಿಎಸ್ ಪಿನ್ನಿಗೆ ಜೋಡಿಸಿ, ಪೈಸೀರಿಯಲ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಪೋರ್ಟಿನ ಆರ್‌ಎಸ್-485 ಮೋಡನ್ನು ಆನ್ ಮಾಡಿ. ಡ್ರೈವರಿಗೆ ಆ ಸೌಲಭ್ಯ ಇಲ್ಲದಿದ್ದರೆ ಅಲ್ಲೇ ದೋಷ ಬರುತ್ತದೆ, ಕೊಳ್ಳುವ ಮುನ್ನ ಪರೀಕ್ಷಿಸಲು ಇದೇ ಸುಲಭದ ದಾರಿ. ಇಎಸ್‌ಪಿ32ರ ಯುಎಆರ್‌ಟಿಯಲ್ಲಿ (ಸೀರಿಯಲ್ ಪೋರ್ಟನ್ನು ನಡೆಸುವ ಹಾರ್ಡ್‌ವೇರ್) ಈ ಮೋಡ್ ಒಳಗೇ ಇದೆ. ಎಸ್‌ಟಿಎಂ32ಎಫ್103ರಲ್ಲಿ ಇಲ್ಲ, ಅಲ್ಲಿ ಡಿಇಯನ್ನು ಟಿಎಕ್ಸ್‌ಇ ಫ್ಲ್ಯಾಗ್ (ಕಳಿಸುವ ಬಫರ್ ಖಾಲಿ ಎಂಬ ಗುರುತು) ನೋಡಿ ಇಳಿಸಬೇಡಿ, ಆಗ ಕೊನೆಯ ಅಕ್ಷರ ಇನ್ನೂ ತಂತಿಗೆ ಇಳಿಯುತ್ತಿರುತ್ತದೆ. ಕಳಿಸಿದ್ದು ಪೂರ್ತಿ ಮುಗಿಯಿತು ಎನ್ನುವ ಟಿಸಿ ಫ್ಲ್ಯಾಗಿಗೆ ಕಾಯಿರಿ.

ಪೈ 3 ಮತ್ತು ಪೈ 4ರಲ್ಲಿ ಇನ್ನೊಂದು ತೊಡಕು. ಜಿಪಿಐಒ 14, 15ಕ್ಕೆ ಮೂಲತಃ ಸಿಗುವುದು ಮಿನಿ ಯುಎಆರ್‌ಟಿ. ಪೂರ್ಣ ಪ್ರಮಾಣದ ಪಿಎಲ್011 ಬ್ಲೂಟೂತಿಗೆ ಹೋಗಿದೆ. ಮಿನಿ ಯುಎಆರ್‌ಟಿಗೆ ಪ್ಯಾರಿಟಿಯೇ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್ಟು) ಇಲ್ಲ, ಮಾಡ್‌ಬಸ್‌ನ ಮೂಲ ನಿಯಮವೋ ಈವನ್ ಪ್ಯಾರಿಟಿ. ಸಾಲದ್ದಕ್ಕೆ ಅದರ ಬಾಡ್ ಕೋರ್ ಕ್ಲಾಕಿಗೆ ಅಂಟಿಕೊಂಡಿದೆ, ಅದು ಬದಲಾದರೆ ಬಾಡೂ ಬದಲಾಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ಬ್ಲೂಟೂತನ್ನು ಆಫ್ ಮಾಡುವ ಡಿಸೇಬಲ್-ಬಿಟಿ ಓವರ್‌ಲೇ (ಹಾರ್ಡ್‌ವೇರ್ ಹೊಂದಾಣಿಕೆಯ ಸಾಲು) ಸೇರಿಸಿ ಪಿಎಲ್011 ಅನ್ನು ಈ ಪಿನ್ನುಗಳಿಗೆ ತನ್ನಿ; ಪೈ 4ರಲ್ಲಾದರೆ ಬ್ಲೂಟೂತ್ ಮುಟ್ಟದೆ ಹೆಚ್ಚುವರಿ ಯುಎಆರ್‌ಟಿಗಳಲ್ಲಿ ಒಂದನ್ನು ಓವರ್‌ಲೇ ಮೂಲಕ ಎಬ್ಬಿಸಬಹುದು. ಸೀರಿಯಲ್ ಕನ್ಸೋಲ್ ಆಫ್ ಮಾಡುವುದನ್ನು ಮರೆಯಬೇಡಿ. ಮರೆತರೆ ಬೂಟ್ ಆಗುವಾಗಿನ ಸಾಲುಗಳೆಲ್ಲ ಮೀಟರುಗಳ ಮೇಲೆ ಸುರಿಯುತ್ತವೆ.

ಯುಎಸ್‌ಬಿ ಅಡಾಪ್ಟರ್ ಬಳಸುವುದಾದರೆ ಎಫ್‌ಟಿಡಿಐ ಚಿಪ್ಪಿನದು ಮೇಲು. ಪ್ರತಿಯೊಂದಕ್ಕೂ ಸೀರಿಯಲ್ ಸಂಖ್ಯೆ ಇರುವುದರಿಂದ ಎರಡು ಹಾಕಿದರೂ ಹೆಸರು ಅದಲುಬದಲಾಗುವುದಿಲ್ಲ. ಸಿಎಚ್340ರಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ, ಯಾವ ಯುಎಸ್‌ಬಿ ತೂತು ಎಂಬುದರಿಂದಲೇ ಗುರುತಿಸಬೇಕು. ಎಫ್‌ಟಿಡಿಐನ ಲೇಟೆನ್ಸಿ ಟೈಮರ್ (ಬಂದದ್ದನ್ನು ಕಂಪ್ಯೂಟರಿಗೆ ಕೊಡುವ ಮುನ್ನ ಕಾಯುವ ಸಮಯ) ಮೂಲತಃ 16 ಮಿಲಿಸೆಕೆಂಡ್ ಇರುತ್ತದೆ. ಅದನ್ನು 1ಕ್ಕೆ ಇಳಿಸಿದರೆ ಮೀಟರುಗಳ ಸರದಿ ಬೇಗ ಮುಗಿಯುತ್ತದೆ.

ಪ್ರತಿಫಲನ ತಡೆಯುವ 120 ಓಮ್‌ನ ರೆಸಿಸ್ಟರು ತಂತಿಯ ಎರಡು ತುದಿಗೆ ಮಾತ್ರ. ನೀಲಿ ಮಾಡ್ಯೂಲುಗಳಲ್ಲಿ ಅದು ಬೆಸುಗೆಯಾಗಿಯೇ ಬರುತ್ತದೆ. ಹತ್ತು ಮಾಡ್ಯೂಲ್ ಒಂದೇ ತಂತಿಯಲ್ಲಿದ್ದರೆ ಒಟ್ಟು 12 ಓಮ್ ಆಗಿ ಯಾವ ಡ್ರೈವರೂ ಎಳೆಯಲಾರದ ಹೊರೆಯಾಗುತ್ತದೆ. ನಡುವಿನವುಗಳಿಂದ ಕಿತ್ತುಹಾಕಿ. ಖಾಲಿ ತಂತಿಯನ್ನು ನಿಶ್ಚಿತ ವೋಲ್ಟೇಜಿನಲ್ಲಿ ಹಿಡಿದಿಡುವ ಬಯಾಸ್ ರೆಸಿಸ್ಟರುಗಳು ಒಂದೇ ಕಡೆ ಇರಲಿ. 5 ವೋಲ್ಟಿಗೆ 560 ಓಮ್‌ನ ಎರಡು ಹಾಕಿದರೆ ಖಾಲಿ ತಂತಿಯಲ್ಲಿ ಸುಮಾರು 250 ಮಿಲಿವೋಲ್ಟ್ ನಿಲ್ಲುತ್ತದೆ. ಅವನ್ನೇ 3.3 ವೋಲ್ಟಿಗೆ ಹಾಕಿದರೆ 168ಕ್ಕೆ ಇಳಿದು, ಬೇಕಾದ 200ಕ್ಕಿಂತ ಕಡಿಮೆಯಾಗುತ್ತದೆ. ಅಲ್ಲಿಗೆ 390 ಓಮ್ ಸರಿ. ಬೇರೆ ಬೇರೆ ಕಟ್ಟಡಗಳ ನಡುವೆ ತಂತಿ ಹೋಗುವುದಾದರೆ ಎಡಿಎಂ2587ಇಯಂಥ ಐಸೊಲೇಟೆಡ್ (ತಂತಿಗೂ ಬೋರ್ಡಿಗೂ ನೇರ ವಿದ್ಯುತ್ ಸಂಪರ್ಕವಿಲ್ಲದ) ಚಿಪ್ಪಿಗೆ ಹಣ ಹಾಕಿ: ಎರಡು ನೆಲಗಳ (ಗ್ರೌಂಡ್) ವೋಲ್ಟೇಜ್ ವ್ಯತ್ಯಾಸದಿಂದ ತಂತಿ –7 ಮತ್ತು +12 ವೋಲ್ಟಿನ ಮಿತಿ ದಾಟಿದರೆ ಸಾಮಾನ್ಯ ಚಿಪ್ಪು ಉಳಿಯುವ ಭರವಸೆ ಇಲ್ಲ.

ಕೊನೆಗೆ ಪರೀಕ್ಷೆ. ಮೊದಲು ಚಿಪ್ಪನ್ನು ಬಿಡಿಸಿ, ಪೈನ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಪಡೆಯುವ) ಪಿನ್ನುಗಳನ್ನು ಜಂಪರ್‌ನಿಂದ ಸೇರಿಸಿ: ಕಳಿಸಿದ್ದು ಹಾಗೇ ಬಂದರೆ ತಂತ್ರಾಂಶ ಸರಿಯಿದೆ. ಚಿಪ್ಪನ್ನು ಮತ್ತೆ ಹಾಕಿ, ಖಾಲಿ ತಂತಿಯ ಎ, ಬಿ ಎಂಬ ಎರಡು ಎಳೆಗಳ ನಡುವೆ ಮಲ್ಟಿಮೀಟರ್ ಇಡಿ, ಬಯಾಸ್ ಸರಿಯಿದ್ದರೆ 200 ಮಿಲಿವೋಲ್ಟ್‌ಗಿಂತ ಹೆಚ್ಚು ಕಾಣಬೇಕು. ಉತ್ತರವೇ ಇಲ್ಲವೆಂದರೆ ಎ-ಬಿ ಅದಲುಬದಲು ಮಾಡಿ ನೋಡಿ, ಈ ಎರಡು ಅಕ್ಷರಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಉತ್ತರದ ಮೊದಲ ಅಕ್ಷರ ಕಳೆದುಹೋಗುತ್ತಿದ್ದರೆ ಡಿಇ ತಡವಾಗಿ ಇಳಿಯುತ್ತಿದೆ. ನೀವು ಕಳಿಸಿದ್ದರ ಕೊನೆಯ ಅಕ್ಷರ ಮೀಟರಿಗೆ ಮುಟ್ಟದಿದ್ದರೆ ಬೇಗ ಇಳಿಯುತ್ತಿದೆ. ಕಳಿಸಿದ್ದೇ ನಿಮಗೆ ಮರಳಿ ಬರುತ್ತಿದ್ದರೆ ಕೇಳುವುದನ್ನು ಆನ್-ಆಫ್ ಮಾಡುವ ಆರ್‌ಇ ಪಿನ್ನು ನೆಲಕ್ಕೆ ಕಟ್ಟಿಕೊಂಡಿದೆ. ಅದನ್ನು ಡಿಇ ಜೊತೆ ಸೇರಿಸಿ.