ಶ್ರಾವಣದಲ್ಲಿ ಹುಂಜ ತಂದು ಹೊಸತೊಡಕಿಗೆ ಮಾರುವ ಲೆಕ್ಕ: ನನ್ನ ಅನುಭವ

ಹಿತ್ತಲಲ್ಲಿ ಹತ್ತು-ಹನ್ನೆರಡು ನಾಟಿ ಹೇಟೆ ಸಾಕಿದವರಿಗೆ ಹುಂಜ ಬೇಕೋ ಬೇಡವೋ? ಬೇಕು, ಆದರೆ ವರ್ಷದಲ್ಲಿ ಏಳು ತಿಂಗಳು ಸಾಕು. ಅದೂ ಹೇಟೆಗಳ ಜೊತೆಗಲ್ಲ, ಪಕ್ಕದಲ್ಲಿ ಬೇರೆ ಗೂಡು ಮಾಡಿ, ವಾರಕ್ಕೆರಡು ಸಂಜೆ ಮಾತ್ರ ಹೇಟೆಗಳ ಹತ್ತಿರ ಬಿಟ್ಟು. ನಮ್ಮ ಮಂಡ್ಯದ ಕಡೆ ಹೀಗಂದರೆ "ಹುಂಜ ಇಲ್ದೆ ಹೇಟೆ ಮೊಟ್ಟೆ ಇಕ್ಕಲ್ಲ", "ವಾರಕ್ಕೆರಡು ಸಲ ಬಿಟ್ರೆ ಮರಿ ಏಳಲ್ಲ" ಅಂದವರೇ ಎಲ್ಲ. ಈಗ ಹಂಗಾಮು ಬಂತೆಂದರೆ ಅವರೇ ಮರಿ ಕೇಳಿಕೊಂಡು ಬರುತ್ತಾರೆ.

ಮೊದಲು ದುಡ್ಡಿನ ವಿಚಾರ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಬಿಡುವುದರಿಂದ ಸಂತೆಯಲ್ಲಿ ಹುಂಜದ ದರ ಇಳಿದಿರುತ್ತದೆ. ಪಿತೃಪಕ್ಷ ಬಂದರೆ ಮತ್ತೆ ಏರುತ್ತದೆ, ಆಗ ಕೊಳ್ಳಲು ಹೋಗಬೇಡಿ. ಏಳೆಂಟು ತಿಂಗಳಿನ, ಎರಡು ಕೆಜಿ ಒಳಗಿನ ಹುಂಜ ನನಗೆ ಸುಮಾರು 700 ರೂಪಾಯಿಗೆ ಸಿಗುತ್ತದೆ. ದಿನಕ್ಕೆ 110 ಗ್ರಾಂ ಮೇವು ಅಂದರೆ ಯುಗಾದಿವರೆಗೆ 25 ಕೆಜಿ. ರಾಗಿ, ಜೋಳದ ನುಚ್ಚು, ಗ್ರೋವರ್ ಫೀಡ್ (ಬೆಳೆಯುವ ಕೋಳಿಯ ಮೇವು) ಸೇರಿ ಇನ್ನೊಂದು 700. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಹೇಳಿದ್ದೇ ದರ. ಮೂರು ಕೆಜಿ ಹತ್ತಿರ ಬಂದಿದ್ದರೆ 1,500 ಎಲ್ಲೂ ಹೋಗುವುದಿಲ್ಲ. ಹುಂಜದ ಖರ್ಚು ಹುಂಜವೇ ತೀರಿಸುತ್ತದೆ, ಮರಿಗಳೆಲ್ಲ ಲಾಭ.

ಹೇಟೆಗಳ ಜೊತೆಯಲ್ಲೇ ಬಿಟ್ಟರೆ ಮೂರು ನಷ್ಟ. ಒಂದು, ಬೆನ್ನು. ಹೇಟೆ ಹತ್ತಕ್ಕಿಂತ ಕಡಿಮೆಯಿದ್ದು ಹುಂಜ ಹಗಲಿಡೀ ಜೊತೆಗಿದ್ದರೆ, ಅವನಿಗೆ ಒಪ್ಪಿದ ಎರಡು ಮೂರು ಹೇಟೆಯನ್ನೇ ಕೂಡಲು ಮತ್ತೆ ಮತ್ತೆ ಮೆಟ್ಟಿ, ಅವುಗಳ ಬೆನ್ನು ಬೋಳಾಗಿ ಚರ್ಮ ಸೀಳುತ್ತದೆ. ಎರಡು, ಮೇವು. ಮೊಟ್ಟೆ ಇಕ್ಕುವ ಹೇಟೆಗೆ ಹಾಕುವ ಲೇಯರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ನೂರಕ್ಕೆ ಮೂರೂವರೆ-ನಾಲ್ಕು ಭಾಗ, ಹುಂಜಕ್ಕೆ ಒಂದು ಭಾಗ ಸಾಕು. ತಿಂಗಳುಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡ ಕೆಡಬಹುದು. ಮೂರನೆಯದು ಬೇಸಿಗೆ. ಜೀವ ಕಟ್ಟಿದ ಮೊಟ್ಟೆ 30 ಡಿಗ್ರಿ ಮೇಲಿನ ಸೆಕೆಯಲ್ಲಿ ಕಾವಿಲ್ಲದೆಯೂ ಬೆಳೆಯಲು ಶುರುಮಾಡಿ, ಕೆಲವೇ ದಿನದಲ್ಲಿ ಒಳಗೆ ರಕ್ತದ ಉಂಗುರ ಮೂಡುತ್ತದೆ. ಒಮ್ಮೆ ಅಂಥ ಮೊಟ್ಟೆ ಕಂಡ ಗಿರಾಕಿ ಮತ್ತೆ ಬರುವುದಿಲ್ಲ. ಯುಗಾದಿಗೆ ಹುಂಜ ಹೋದರೆ ಮೂರು ವಾರದಲ್ಲಿ ಎಲ್ಲ ಗೊಡ್ಡು ಮೊಟ್ಟೆಯೇ, ಸರಿಯಾಗಿ ಉರಿಬಿಸಿಲು ಏರುವ ಹೊತ್ತಿಗೆ. ಗೊಡ್ಡು ಮೊಟ್ಟೆ ಸೆಕೆಯಲ್ಲೂ ಹೆಚ್ಚು ದಿನ ತಾಳುತ್ತದೆ.

ಹೇಟೆ ಹುಂಜದ ಬೀಜವನ್ನು ಒಡಲಲ್ಲಿ ಹತ್ತು ಹದಿನೈದು ದಿನ ಉಳಿಸಿಕೊಳ್ಳುತ್ತದೆ. ಈ ಕ್ರಮ ನಿಂತಿರುವುದೇ ಅದರ ಮೇಲೆ. ವಾರಕ್ಕೆರಡು ಸಂಜೆ, ನಾಲ್ಕು ಗಂಟೆಯಿಂದ ಕತ್ತಲಾಗುವವರೆಗೆ ಬಿಡುತ್ತೇನೆ. ಬೆಳಿಗ್ಗೆ ಬಿಟ್ಟು ನೋಡಿದೆ, ದಂಡ. ಬೆಳಿಗ್ಗೆ ಹೇಟೆಗಳು ಮೊಟ್ಟೆ ಇಕ್ಕುವ ಗಡಿಬಿಡಿಯಲ್ಲಿರುತ್ತವೆ. ಚಿಪ್ಪು ಕಟ್ಟಿದ ಮೊಟ್ಟೆ ಒಳಗಿರುವಾಗ ಮೆಟ್ಟಿದರೂ ಬೀಜ ಮೇಲೆ ಸೇರುವುದು ಕಷ್ಟ. ಜೊತೆಯಲ್ಲೇ ಇಟ್ಟಾಗ ಹತ್ತಕ್ಕೆ ಒಂಬತ್ತು ಮೊಟ್ಟೆ ಕಟ್ಟುತ್ತಿದ್ದವು, ವಾರಕ್ಕೆರಡು ಸಂಜೆಗೆ ಎಂಟು-ಎಂಟೂವರೆ. ಹತ್ತು ದಿನಕ್ಕೊಮ್ಮೆ ಮಾಡಿದೆ, ಅರ್ಧಕ್ಕಿಳಿಯಿತು. ಒಂದೇ ಸಂಜೆಯಲ್ಲಿ ಮೆತ್ತನೆಯ ಹೇಟೆಗಳು ಅವನ ಕೈಗೇ ಸಿಗದೆ ತಪ್ಪಿಸಿಕೊಂಡಿರುತ್ತವೆ.

ಕಟ್ಟಿದೆಯೋ ಇಲ್ಲವೋ ಎಂದು ನೋಡಲು ಏಳು ದಿನ ಕಾವು ಕೊಟ್ಟು ಟಾರ್ಚ್ ಹಿಡಿಯಬೇಕಿಲ್ಲ, ಆಮ್ಲೆಟ್‌ಗೆ ಒಡೆದ ಮೊಟ್ಟೆಯೇ ಸಾಕು. ಹಳದಿ ಭಂಡಾರದ ಮೇಲಿನ ಬಿಳಿ ಚುಕ್ಕೆ ನೋಡಿ. ಗೊಡ್ಡಿನಲ್ಲಿ ಅದು ಅಂಚು ಹರಿದಂತಿರುವ, ಎರಡು ಮಿಲಿಮೀಟರಿನಷ್ಟು ಗಟ್ಟಿ ಬಿಳುಪು. ಕಟ್ಟಿದ್ದರಲ್ಲಿ ನಾಲ್ಕು ಮಿಲಿಮೀಟರಿನಷ್ಟು ದುಂಡಗಿದ್ದು, ನಡುವೆ ತಿಳಿಯಾಗಿ ಸುತ್ತ ಬಿಳಿ ಬಳೆ ಇರುತ್ತದೆ. ಹೊಸ ಹುಂಜ ಬಿಟ್ಟ ಮೂರನೇ ದಿನಕ್ಕೇ ಬಳೆ ಕಾಣಬಹುದು, ಆದರೂ ಮರಿಗಾಗಿ ಮೊಟ್ಟೆ ಆಯುವುದು ವಾರ ಕಳೆದ ಮೇಲೆ. ಹುಂಜ ಬದಲಿಸಿದ್ದರೆ ಮೂರು ವಾರ ಕಾಯಿರಿ, ಇಲ್ಲದಿದ್ದರೆ ಹಳೆಯವನ ಮರಿ ಬೆರೆಯುತ್ತವೆ.

ಮರಿ ಮಾಡುವ ಮೊಟ್ಟೆಯನ್ನು ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆಯೊಳಗೆ, ಚೂಪು ತುದಿ ಕೆಳಗೆ ಮಾಡಿ ಇಡುತ್ತೇನೆ. ಏಳು ದಿನ ಮೀರಿದ್ದನ್ನು ಕಾವಿಗೆ ಇಡುವುದಿಲ್ಲ. ಹೇಟೆಗೆ ಹತ್ತು ಮೊಟ್ಟೆ, ದೊಡ್ಡ ಹೇಟೆಗೆ ಹನ್ನೆರಡು. ಕಾರ್ತೀಕದಿಂದ ಮಾಘದವರೆಗಿನ ಕಾವು ಚೆನ್ನ.

ನಡುವೆ ಗಿರಿರಾಜ ಎಂಬ ಸುಧಾರಿತ ತಳಿಯ ಹುಂಜವನ್ನೂ ನೋಡಿದೆ. ಮರಿ ಮೂರು ತಿಂಗಳಿಗೇ ತೂಕ ಬರುತ್ತವೆ, ಅದು ನಿಜ. ಆದರೆ ಅವನ ಭಾರಕ್ಕೆ ನಾಟಿ ಹೇಟೆ ಕುಸಿಯುತ್ತದೆ, ಹುಟ್ಟಿದ ಹೆಣ್ಣುಮರಿಗಳು ಬೆಳೆದ ಮೇಲೆ ಕಾವಿಗೆ ಕೂರುವುದೂ ಅಪರೂಪ. ಇನ್‌ಕ್ಯುಬೇಟರ್ ಇದ್ದವರು ಮಾಡಿಕೊಳ್ಳಲಿ. ಹೇಟೆಗಳ ಬೆನ್ನಿಗೆ ಜೀನ್ಸ್ ಬಟ್ಟೆಯ ಕವಚ ಹೊಲಿದೆ. ಗರಿ ಉಳಿಯಿತು, ಒಳಗೆ ಹೇನು ತುಂಬಿತು. ಕೂಗು ತಡೆಯಲೆಂದು ಮಾರುವ ಕುತ್ತಿಗೆ ಪಟ್ಟಿ ಬೇಡವೇ ಬೇಡ, ಉಸಿರುಗಟ್ಟಿ ಸಾಯಬಹುದು. ರಾತ್ರಿ ಕತ್ತಲ ಪೆಟ್ಟಿಗೆಯಲ್ಲಿಟ್ಟರೂ ಬೆಳಗಿನ ಹೊತ್ತು ಅವನಿಗೆ ಗೊತ್ತಾಗುತ್ತದೆ, ಕೂಗುತ್ತಾನೆ; ಸದ್ದು ಅಡಗುತ್ತದೆ ಅಷ್ಟೆ. ನನ್ನ ಪೆಟ್ಟಿಗೆಯ ಒಳಮೈಗೆ ಹಾಕಿದ್ದೇನು, ಗಾಳಿಕಿಂಡಿ ಎಲ್ಲಿಟ್ಟೆ ಎಂಬುದನ್ನು ಬರೆಯುವುದಿಲ್ಲ. ಸಂತೆಯಲ್ಲಿ ಹುಂಜದ ಕಾಲಲ್ಲಿ ನಾನು ನೋಡುವ ಗುರುತನ್ನೂ ಅಷ್ಟೇ.

ತಂದ ಹುಂಜ ಮೊದಲ ಮೂರು ವಾರ ಹೇಟೆಗಳಿಂದ ದೂರವೇ ಇರಬೇಕು, ಅದರ ನೀರಿನ ಬಟ್ಟಲೂ ಬೇರೆ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಇಡೀ ಹಿತ್ತಲು ಖಾಲಿ. ಆ ರೋಗ ತಡೆಯುವ ಆರ್‌ಟೂಬಿ ಲಸಿಕೆ ಹಾಕಿಸಿದ್ದಾರೆಂದು ಮಾರುವವನ ಬಾಯಿಮಾತು ನಂಬದೆ, ಸಂಶಯವಿದ್ದರೆ ಈ ಮೂರು ವಾರದಲ್ಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ರೆಕ್ಕೆಯ ಅಡಿ, ಗುದದ ಸುತ್ತ ಹೇನು ನೋಡಿ, ಬೂದಿ ಬೆರೆಸಿದ ಒಣಮಣ್ಣಿನ ಗುಂಡಿ ಮಾಡಿಕೊಡಿ. ಕಾಲುಮುಳ್ಳು ಉದ್ದವಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ತುದಿಯ ಮೂರನೇ ಒಂದು ಭಾಗ ಮಾತ್ರ ಕೊಯ್ದು, ಅರ ಹಾಕಿ ದುಂಡು ಮಾಡಿ. ಅದರಾಚೆ ಎಲುಬಿದೆ, ರಕ್ತ ನಿಲ್ಲುವುದಿಲ್ಲ.