ಟೂತ್‌ಪೇಸ್ಟ್: ಎಲ್ಲಿ ಹಚ್ಚಬಹುದು, ಎಲ್ಲಿ ಹಚ್ಚಬಾರದು

ಕಾದ ದೋಸೆ ಹಂಚು ತಾಗಿ ಸುಟ್ಟ ಮಗುವಿನ ಅಂಗೈಗೆ ಗಾಬರಿಯಲ್ಲಿ ಬಳಿದ ಟೂತ್‌ಪೇಸ್ಟ್ ಸ್ವಲ್ಪ ಹೊತ್ತಿಗೆ ಒಣಗಿ ಬಿಳಿಯ ಹೆಕ್ಕಳೆಯಾಗುತ್ತದೆ. ಗಾಯದ ಆಳ ನೋಡಲು ವೈದ್ಯರು ಅದನ್ನು ತೊಳೆದು ತೆಗೆಯಲೇಬೇಕಾಗಿ ಬಂದು, ಮಗು ಎರಡನೆಯ ಸಲ ನೋವು ತಿನ್ನುತ್ತದೆ. ಪೇಸ್ಟ್ ತಂಪೆನಿಸುವುದು ಅದರಲ್ಲಿರುವ ಮೆಂಥಾಲ್‌ನಿಂದ. ಅದು ನರಗಳಿಗೆ ತಂಪಿನ ಭ್ರಮೆ ಹುಟ್ಟಿಸುತ್ತದೆಯೇ ಹೊರತು ಚರ್ಮದ ಕಾವನ್ನು ಇಳಿಸುವುದಿಲ್ಲ. ಸುಟ್ಟ ಕೂಡಲೇ ಬಳೆ, ಉಂಗುರ ತೆಗೆದು, ಹರಿಯುವ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ಶಾಯಿ, ಅರಿಸಿನ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದಿದ್ದರೆ, ಮುಖವೋ ಕೈಯೋ ಸುಟ್ಟಿದ್ದರೆ, ಸುಟ್ಟದ್ದು ಮಗುವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೊಡವೆಗೆ ಹಚ್ಚುವುದೂ ತಪ್ಪೇ, ಚರ್ಮ ಒಣಗಿ ಉರಿಯುತ್ತದೆ.

ಹಲ್ಲಿಗೆ ಹಚ್ಚುವಾಗಲೂ ಅಳತೆ ಮುಖ್ಯ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಎಳೆಯುವ ಅಲೆಯಂಥ ಪಟ್ಟಿ ಯಾರಿಗೂ ಬೇಕಿಲ್ಲ. ಉಜ್ಜಿದ ಮೇಲೆ ನೊರೆಯನ್ನು ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸಿದರೆ ಹಲ್ಲು ಹುಳುಕಾಗದಂತೆ ಕಾಯಲು ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ಆದರೆ ನುಂಗಬಾರದು. ಪಾವಗಡದಂಥ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಕಂದು ಕಲೆ ಹಿಡಿಯುವುದನ್ನು ಜನ ಕಂಡಿದ್ದಾರೆ. ಅಲ್ಲಿನ ಮಕ್ಕಳಿಗೆ ಯಾವ ಪೇಸ್ಟ್ ಎಂಬುದನ್ನು ದಂತವೈದ್ಯರನ್ನು ಕೇಳಿಯೇ ನಿರ್ಧರಿಸುವುದು ಒಳ್ಳೆಯದು.

ಟ್ಯೂಬ್ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಪೇಸ್ಟಿನ ಫ್ಲೋರೈಡ್ ಪ್ರಮಾಣ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಒಳಹೋದರೆ ತುರ್ತು ಚಿಕಿತ್ಸೆ ಬೇಕಾಗುವುದರಿಂದ, 10 ಕಿಲೋ ತೂಗುವ ಮಗುವಿಗೆ 100 ಗ್ರಾಂ ಟ್ಯೂಬಿನ ಅರ್ಧವೇ ಅಪಾಯ. ಸಿಹಿ ರುಚಿಗೆ ಮಗು ಅಷ್ಟು ತಿಂದಿದೆಯೆಂಬ ಅನುಮಾನ ಬಂದರೂ ಹಾಲು ಕುಡಿಸಿ, ಟ್ಯೂಬನ್ನು ಜೊತೆಗೇ ಹಿಡಿದು ಆಸ್ಪತ್ರೆಗೆ ಹೊರಡಿ; ವಾಂತಿ ಮಾಡಿಸಲು ಹೋಗಬೇಡಿ.

ಮನೆ ಸಾಮಾನಿನ ಲೆಕ್ಕ ಬೇರೆ. ಪೇಸ್ಟಿನಲ್ಲಿರುವ ಸಿಲಿಕಾ, ಸುಣ್ಣದಕಲ್ಲಿನಂಥ ಪುಡಿಗಳನ್ನು ದೇಹದಲ್ಲೇ ಅತಿ ಗಟ್ಟಿಯಾದ ದಂತಕವಚಕ್ಕೆ ಹೊಂದುವಂತೆ ಆರಿಸಿರುತ್ತಾರೆ, ಅದಕ್ಕಿಂತ ಮೆದುವಾದದ್ದನ್ನು ಅದು ಗೀರುತ್ತದೆ. ಬೆಳ್ಳಿ ದೀಪವನ್ನು ಉಜ್ಜಿ ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ, ಬೆಳ್ಳಿ ಲೇಪದ ಪಾತ್ರೆಯಾದರೆ ಲೇಪವೇ ಸವೆಯುತ್ತದೆ. ಕನ್ನಡಕ, ಮೊಬೈಲ್ ಪರದೆ, ಮುತ್ತಿನ ಸರದ ಹತ್ತಿರವೂ ತರಬೇಡಿ. ಕ್ಯಾನ್ವಾಸ್ ಬೂಟಿನ ಬಿಳಿ ರಬ್ಬರ್ ಅಂಚಿಗೆ ಮಾತ್ರ ಹಳೆಯ ಬ್ರಷ್ಷಿನಲ್ಲಿ ಧಾರಾಳವಾಗಿ ಬಳಸಬಹುದು. ಇಸ್ತ್ರಿಪೆಟ್ಟಿಗೆಯ ತಳದ ಕರಿಗೂ ನಡೆಯುತ್ತದೆ, ಆದರೆ ಪ್ಲಗ್ ತೆಗೆದು ಪೂರ್ತಿ ಆರಿದ ಮೇಲೆ, ಅದೂ ತಳಕ್ಕೆ ನಾನ್‌ಸ್ಟಿಕ್ ಲೇಪ ಇಲ್ಲದಿದ್ದರೆ.